ಸಾಹೇಬರ ಮೆಟ್ಟಿಲಾದ ಮನೆಕಲ್ಲು

ತಾಂಡೂರು, ಫಸಲಿ ೧೩೫೧

ಶಾಲೆಗಳ ತನಿಖೆಗೆಂದು ನಮ್ಮೂರಿನಲ್ಲಿ ಬಂಗಲೆ ಹಿಡಿದಿರುವ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಬೂಟುಗಳೂ ಕ್ಷೇಮವೆಂದು ನಂಬಿ, ಇಲ್ಲಿನ ಶಾಲೆಯಲ್ಲಿ ಬೇಸ್‌ಬಾಲ್ ಕಲಿಸುತ್ತಿದ್ದ ದಿವಂಗತ ಖಂಡೆಪ್ಪನವರ ಹೆಂಡತಿಯಾದ ನಾನು ಮಾಡುವ ಬಿನ್ನಹವೇನೆಂದರೆ, ನಾನು ಬರೆಸಿದ ಉರ್ದು ಅರ್ಜಿಗಳೆಲ್ಲ ತಮ್ಮ ಮೇಜಿನ ಮೇಲೆ ಸುಖವಾಗಿ ಮಲಗಿರುವುದರಿಂದ, ಅವುಗಳ ನಿದ್ದೆ ಕೆಡಿಸದೆ, ಈ ಸಲ ಊರೆಲ್ಲ ಓದುವಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನನ್ನ ಯಜಮಾನರು ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಮದರಾಸಿನ ಕಾಲೇಜೊಂದರಲ್ಲಿ ಈ ಆಟ ಕಲಿತು ಬಂದು, ಉಣ್ಣೆಯ ನೂಲು ಸುತ್ತಿ ಚರ್ಮ ಹೊಲಿಸಿದ ಚೆಂಡು, ಜಾಲಿಮರದ ದಾಂಡು, ಗಣಿಯಿಂದ ತಾವೇ ಹೊತ್ತು ತಂದ ನಾಲ್ಕು ಹಾಸುಗಲ್ಲುಗಳಿಂದ ತಂಡ ಕಟ್ಟಿದರು. ಚೆಂಡು ಹೊಡೆದವನು ಮೂರು ಕಲ್ಲುಗಳನ್ನು ಸಾಲಾಗಿ ತುಳಿದು, ತಾನು ಹೊರಟ ನಾಲ್ಕನೆಯ ಕಲ್ಲಿಗೆ ಮರಳಿದರೆ ಒಂದು ರನ್; ಆ ನಾಲ್ಕನೆಯದಕ್ಕೆ ಹುಡುಗರು ಮನೆಕಲ್ಲು ಎನ್ನುತ್ತಿದ್ದರು. ಆದರೆ ಗರಡಿಯ ಮಣ್ಣನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡೇ ಇಳಿಯುವ ಆ ಹುಡುಗರು, ತಮ್ಮ ತಾಯಂದಿರು ಆಗಲೇ ಅರಿಶಿನದ ಭಂಡಾರ ಹಚ್ಚಿಬಿಟ್ಟಿದ್ದ ಕಲ್ಲುಗಳ ಮೇಲೆ ಕಾಲಿಡಲಾರದೆ, ಒಂದೊಂದರ ಮುಂದೆಯೂ ನಿಂತು, ಬಗ್ಗಿ, ಅಂಗೈಯಿಂದ ಮುಟ್ಟಿ ನಮಸ್ಕರಿಸುವಷ್ಟರಲ್ಲಿ ಎದುರಾಳಿಯ ಕೈಗೆ ಚೆಂಡು ಸೇರಿ ಔಟಾಗುತ್ತಿದ್ದರು. "ಕಾಲಿಡ್ರೋ! ಅದು ಕಲ್ಲದ, ಮೈಲಾರಲಿಂಗ ಅಲ್ಲ!" ಎಂದು ಇವರು ಕಿರುಚಿದರೆ, ತಂಡದ ಮಾಣಿಕಪ್ಪ, "ಖಂಡೆಪ್ಪ ಅಂದ್ರ ಮೈಲಾರಲಿಂಗನೇ, ಆ ದೇವರ ಹೆಸರ ಇಟ್ಕೊಂಡ ನೀವೇ ಹಿಂಗಂದ್ರ ಹ್ಯಾಂಗ್ರಿ, ವಸ್ತಾದರೇ?" ಎನ್ನುತ್ತಿದ್ದ.

ಹೀಗೆ ಇವರು ನಾರಾಯಣಖೇಡದಲ್ಲಿ ಸೋತರು, ಜಹೀರಾಬಾದಿನಲ್ಲಿ ಸೋತರು, ಮನೆಗೆ ಬಂದು ಸೋಲಿಗೆ ಕಾರಣ ಹೇಳುವಾಗ ನನ್ನ ಮುಂದೆಯೂ ಸೋತರು. ಗೆದ್ದದ್ದು ಒಮ್ಮೆ ಮಾತ್ರ. ಪಟ್ಟಣದ ಕಾಲೇಜಿನ ತಂಡವೊಂದು ಇಲ್ಲಿಗೆ ಬಂದು, ನಮ್ಮವರ ಭಕ್ತಿ ನೋಡಿ ನಾಚಿ, ಮರ್ಯಾದೆಗೆಂದು ತಾನೂ ಬೂಟು ಬಿಚ್ಚಿ ಕಲ್ಲುಕಲ್ಲಿಗೂ ಕೈಮುಗಿಯತೊಡಗಿತು; ನಮಸ್ಕಾರ ಬೇಗ ಮುಗಿಸುವ ರೂಢಿ ನಮ್ಮವರಿಗೆ ಮೊದಲೇ ಇದ್ದುದರಿಂದ ಒಂದು ರನ್ನಿನಿಂದ ನಾವೇ ಗೆದ್ದೆವು. ಆ ಸಂಜೆ ಇವರು ಊಟ ಮಾಡಲಿಲ್ಲ, ಬರೀ ನಗುತ್ತಿದ್ದರು.

ಕಳೆದ ಚಳಿಗಾಲದ ಜ್ವರದಲ್ಲಿ, "ಸಾಬಮ್ಮ, ಮನೆಕಲ್ಲ ನನ್ನ ತಲಿಕಡಿ ಹಾಕಸ. ಹುಡುಗ್ರು ಬಂದ್ರ ಮುಟ್ಟಲಿ, ಇನ್ನ ಬೈಯೋದಿಲ್ಲ" ಎಂದರು. ನಾನು ಆಗಲೆಂದೆ. ಅವರನ್ನು ಹೂಳಿ ಬಂದು ಮೈದಾನಕ್ಕೆ ಹೋದಾಗ ಕಲ್ಲು ಇರಲಿಲ್ಲ.

ಅದು ತಮ್ಮ ಬಂಗಲೆಯ ಬಾಗಿಲಿಗೆ ಮೆಟ್ಟಿಲಾಗಿತ್ತು. ತಮ್ಮ ಜವಾನ ಯಂಕಪ್ಪ, "ಏನ್ ಮಾಡ್ಲಿ ಅವ್ವಾರೇ, ಸಾಹೇಬ್ರಿಗಿ ಆ ಕಲ್ಲೇ ಮನಸ್ಸಿಗಿ ಬಂದದ. ಭಾಳ ನುಣ್ಣಗ ಅದ ಅಂತಾರ" ಎಂದ. ತಮ್ಮ ಕಣ್ಣಿನ ಸೂಕ್ಷ್ಮವನ್ನು ಮೆಚ್ಚಲೇಬೇಕು. ಹೆಜ್ಜೆಗೊಂದು ಹಾಸುಗಲ್ಲು ಸಿಗುವ ಈ ಊರಿನಲ್ಲಿ, ಹುಡುಗರ ಅಂಗೈ ಸವರಿ ಸವರಿ ನುಣುಪಾದ ಆ ಒಂದನ್ನೇ ತಾವು ಗುರುತಿಸಿದಿರಿ. ಅದಕ್ಕಿಂತ ಹೆಚ್ಚಿನದೆಂದರೆ, ಕಲ್ಲಿರುವುದು ತುಳಿಯುವುದಕ್ಕೆ ಎಂದು ನನ್ನ ಯಜಮಾನರು ಗಂಟಲು ಹರಿದುಕೊಂಡರೂ ಯಾರಿಗೂ ಹತ್ತದ ವಿದ್ಯೆಯನ್ನು ತಾವು ಗುರುವಿಲ್ಲದೆ ಒಂದೇ ಬೆಳಗಿನಲ್ಲಿ ಕಲಿತಿರಿ. ಇಂಥ ಶಿಷ್ಯನೊಬ್ಬ ಸಿಕ್ಕಿದ್ದರೆ ಅವರು ಇನ್ನೊಂದಿಷ್ಟು ದಿನ ಬದುಕುತ್ತಿದ್ದರೋ ಏನೋ.

ಆದ್ದರಿಂದ ಕಲ್ಲನ್ನು ದಯಮಾಡಿ ಕೊಡಿಸಬೇಕು. ಅದು ಸರ್ಕಾರಿ ಮೆಟ್ಟಿಲಾಗಿಬಿಟ್ಟಿದೆ, ಕೀಳಲು ಬಾರದು ಎನ್ನುವುದಾದರೆ, ಬಂಗಲೆಯನ್ನೇ ತುಸು ಎತ್ತಿಸಿ ನಮ್ಮವರ ಸಮಾಧಿಯ ತಲೆಕಡೆ ಇಡಿಸಿದರೂ ಸಾಕು. ತಮ್ಮ ಮೆಟ್ಟಿಲು ತಮಗೇ ಇರುತ್ತದೆ, ಅವರ ಕಲ್ಲು ಅವರಿಗೆ ಸಿಗುತ್ತದೆ. ಬಾಗಿಲಲ್ಲಿ ಹುಡುಗರು ಬಗ್ಗಿ ನಮಸ್ಕರಿಸುವಾಗ ತಾವು ಎಡವದಂತೆ ನೋಡಿಕೊಂಡರಾಯಿತು.

ತಮ್ಮ ಮೆಟ್ಟಿಲಿಗೆ ಬೇಲಿಯಾಚೆಯಿಂದ ಕೈಮುಗಿದು ಹೋಗುವ
ತಮ್ಮ ವಿಶ್ವಾಸಿ,
ಸಾಬಮ್ಮ

ತಾ.ಕ.: ಮಾಣಿಕಪ್ಪ ಒಂದು ಮಾತು ತಿಳಿಸಲು ಹೇಳಿದ್ದಾನೆ. ಮೊದಲಿನ ಮೂರು ಕಲ್ಲು ಮುಟ್ಟದೆ ನೇರವಾಗಿ ಮನೆಕಲ್ಲು ತುಳಿದವರು ಆಟದ ಕಾಯ್ದೆಯಂತೆ ಔಟ್. ತಾವು ದಿನಾ ಬೆಳಿಗ್ಗೆ ಔಟಾಗುತ್ತಿದ್ದೀರಿ. ಔಟಾದವರು ಕೂರಲು ಮೈದಾನದ ಬೇವಿನ ಕೆಳಗೆ ಜಾಗವಿದೆ. ಬರುವಾಗ ಕಲ್ಲು ಹೊತ್ತು ತನ್ನಿ.