ಬೂದು ಸ್ವೆಟರಿನ ಬಡ್ತಿ

ತೂಕ ಮತ್ತು ಅಳತೆ ಕಚೇರಿಯಲ್ಲಿ ಕುರ್ಚಿಯ ಬೆನ್ನಿಗೆ ಸ್ವೆಟರ್ ನೇತಾಡುತ್ತಿದ್ದರೆ ಆ ಕುರ್ಚಿಯವರು ಹಾಜರಿದ್ದಾರೆ ಎಂದು ಅರ್ಥ. ಇದು ಬರೀ ಬಾಯಿಮಾತಿನ ವಾಡಿಕೆಯಲ್ಲ, ಸುತ್ತೋಲೆಯೇ ಇದೆ. 'ಕುರ್ಚಿಗಳು ಯಾವ ಕಾರಣಕ್ಕೂ ಬರಿದಾಗಿ ಕಾಣತಕ್ಕದ್ದಲ್ಲ. ಸಿಬ್ಬಂದಿಯು ಖುದ್ದಾಗಿ ಇರಲು ಸಾಧ್ಯವಾಗದಿದ್ದಲ್ಲಿ ತಮ್ಮ ಉಡುಪಿನ ಒಂದು ಭಾಗವನ್ನು ಕುರ್ಚಿಯ ಮೇಲೆ ಬಿಟ್ಟುಹೋಗತಕ್ಕದ್ದು. ಸದರಿ ಉಡುಪು ಮರ್ಯಾದಸ್ಥವಾಗಿರತಕ್ಕದ್ದು' ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಲಾಗಿದೆ. ಕೊನೆಯ ವಾಕ್ಯವನ್ನು ಸೇರಿಸುವ ಸಂದರ್ಭ ಯಾಕೆ ಬಂತು ಎಂದು ಕೇಳಿದರೆ ಹಿರಿಯ ನೌಕರರು ಹೇಳುವುದಿಲ್ಲ, ನಗುತ್ತಾರೆ.

ಈ ಕಚೇರಿಯ ಮುದ್ರೆ ವಿಭಾಗದಲ್ಲಿ ಒಬ್ಬ ಗುಮಾಸ್ತೆ ಇದ್ದಳು. ಅಂಗಡಿಯವರು ತರುವ ತೂಕದ ಬಟ್ಟುಗಳನ್ನು ತೂಗಿ ನೋಡಿ, ಸರಿಯಿದ್ದರೆ ಮುದ್ರೆ ಒತ್ತುವುದು ಅವಳ ಕೆಲಸ. ಸಂಜೆ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದಳು. ಮನೆಯಲ್ಲಿ ಐದು ವರ್ಷದ ಮಗ, ಅವನ ಬೆನ್ನಿಗೆ ಹುಟ್ಟಿದ ಪುಟ್ಟಿ. ಎರಡು ತಟ್ಟೆಯ ತಕ್ಕಡಿಯನ್ನು ಸಮ ಮಾಡುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಅವಳ ಬದುಕಿನ ತಕ್ಕಡಿಗೆ ಮೂರು ತಟ್ಟೆ. ಮೂರು ತಟ್ಟೆಯ ತಕ್ಕಡಿಗೆ ಮುದ್ರೆ ಒತ್ತಲು ಇಲಾಖೆಯ ನಿಯಮಗಳಲ್ಲಿ ಅವಕಾಶವಿಲ್ಲ.

ಮನೆಯಲ್ಲಿ ಅತ್ತೆ ಇದ್ದರು, ಅವರಿಗೆ ಮಂಡಿನೋವು ಇತ್ತು, ಕೈಯಲ್ಲಿ ಸದಾ ಹೆಣಿಗೆಯ ಕಡ್ಡಿ ಇತ್ತು. ಗಂಡನೂ ಇದ್ದ. ಹಜಾರದ ಆರಾಮಕುರ್ಚಿಯಲ್ಲಿ ಅವನ ಪತ್ರಿಕೆ ಅಗಲವಾಗಿ ಬಿಚ್ಚಿಕೊಂಡಿರುತ್ತಿತ್ತು, ಕೆಳಗೆ ಅವನ ಚಪ್ಪಲಿ ಜೋಡಿಯಾಗಿರುತ್ತಿತ್ತು. "ರೀ, ಪುಟ್ಟೀನ ಸ್ವಲ್ಪ ಎತ್ಕೊಳ್ತೀರಾ?" ಎಂದು ಕೇಳಿದರೆ ಪತ್ರಿಕೆ ಏನೂ ಹೇಳುತ್ತಿರಲಿಲ್ಲ. ಅವನಿಗೆ ಕೆಲಸದ ಒತ್ತಡ ಹೆಚ್ಚೆಂದು ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ. ಪಕ್ಕದಲ್ಲಿಟ್ಟ ಕಾಫಿ ಮಾತ್ರ ತಪ್ಪದೆ ಖಾಲಿಯಾಗುತ್ತಿತ್ತು.

ಒಂದು ದಿನ ಸಭೆಯಲ್ಲಿ ಗುಮಾಸ್ತೆ ಮುಖ ಒರೆಸಿಕೊಳ್ಳಲು ಚೀಲದಿಂದ ಕರವಸ್ತ್ರ ತೆಗೆದಳು. ಅದು ಮಗನ ಕಾಲುಚೀಲವಾಗಿತ್ತು. ಅವಳು ಒರೆಸಿಕೊಂಡಳು. ಇದನ್ನು ಗಮನಿಸಿದ ಸೂಪರಿಂಟೆಂಡೆಂಟರು ಸಭೆಯ ನಂತರ ಅವಳನ್ನು ಕರೆದರು.

"ಏನಮ್ಮಾ, ಇಷ್ಟು ವರ್ಷ ಸರ್ವೀಸಾಯ್ತು, ಇನ್ನೂ ಖುದ್ದಾಗಿ ಬರ್ತಾ ಇದ್ದೀರಲ್ಲ? ಮನೇಲಿ ಒಂದು ಸ್ವೆಟರ್ ಹೆಣೆಯೋರಿಲ್ವಾ?"

"ಅತ್ತೆ ಹೆಣೀತಾರೆ ಸಾರ್. ಆದ್ರೆ ಕೆಲಸ?"

"ಕೆಲಸದ ಚಿಂತೆ ನಿಮಗ್ಯಾಕೆ? ಅದು ಸ್ವೆಟರ್ ನೋಡ್ಕೊಳ್ಳುತ್ತೆ."

ಅತ್ತೆ ಬೂದು ಬಣ್ಣದ ಉಣ್ಣೆಯಲ್ಲಿ ಗಟ್ಟಿಮುಟ್ಟಾದ ಸ್ವೆಟರೊಂದನ್ನು ಹೆಣೆದುಕೊಟ್ಟರು. ಅದು ಸೋಮವಾರ ಕರ್ತವ್ಯಕ್ಕೆ ಹಾಜರಾಯಿತು. ಫಲಿತಾಂಶ ಇಡೀ ಕಚೇರಿಗೆ ಮಾದರಿಯಾಯಿತು. ಗುಮಾಸ್ತೆ ಇದ್ದಾಗ ಅಂಗಡಿಯವರು "ನಿಮ್ಮ ಬಟ್ಟು ತೂಕ ಕಮ್ಮಿ ಇದೆ" ಎಂದು ಹೇಳಿಸಿಕೊಂಡು ಮುಖ ಗಂಟು ಹಾಕಿಕೊಂಡು ಹೋಗುತ್ತಿದ್ದರು. ಸ್ವೆಟರ್ ಬಂದ ಮೇಲೆ ಯಾರ ಬಟ್ಟೂ ಕಮ್ಮಿ ಬರಲಿಲ್ಲ. ವರ್ತಕರ ಸಂಘದವರು ಬಂದು ಅದಕ್ಕೆ ಕೈಮುಗಿದು, "ಇಂಥ ಸಂಭಾವಿತರು ಇಲಾಖೆಗೆ ಬೇಕಾಗಿತ್ತು" ಎಂದರು.

ಗುಮಾಸ್ತೆಗೆ ಹಗಲು ಸಿಕ್ಕಿತು. ಗ್ರಂಥಾಲಯದಲ್ಲಿ ಕೂತು ಪ್ರಬಂಧ ಬರೆಯತೊಡಗಿದಳು. ಅವಳ ವಿಷಯ, ಹಳೆಯ ಕಾಲದ ಗೇಣು, ಮೊಳ, ಮಾರುಗಳ ಇತಿಹಾಸ. ಗೇಣಿಗೆ ಬೆರಳು ಬೇಕು, ಮೊಳಕ್ಕೆ ಮೊಳಕೈ ಬೇಕು, ಅಳೆಯುವವರು ಅಲ್ಲಿ ಇಲ್ಲದೆ ಅಳತೆಯೇ ಇಲ್ಲ ಎಂಬುದು ಅವಳ ವಾದ. ಈ ಒಂದು ಮಾತೆಂದರೆ ಅವಳಿಗೆ ಪ್ರಾಣ. ಯಾರಾದರೂ ಅದರ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿ ಎಂದು ಅವಳು ಆಸೆಪಟ್ಟಳು.

ಕೇಳಬೇಕಾದವರು ಮಾರ್ಗದರ್ಶಕರು. ಅವರನ್ನು ವಿದ್ಯಾರ್ಥಿಗಳ್ಯಾರೂ ನೋಡಿರಲಿಲ್ಲ. ಆದರೆ ಅವರ ಕೋಣೆಯ ಬಾಗಿಲಿನ ಹಿಂದೆ ಕಪ್ಪು ಕೊಡೆಯೊಂದು ಇದ್ದುದರಿಂದ ಅವರು ವಿಭಾಗದಲ್ಲೇ ಇದ್ದಾರೆ ಎಂಬ ಬಗ್ಗೆ ಅನುಮಾನವಿರಲಿಲ್ಲ. ಕೊಡೆಯ ಪಕ್ಕದಲ್ಲಿಟ್ಟ ಅಧ್ಯಾಯಗಳು ವಾರದೊಳಗೆ 'ನೋಡಲಾಗಿದೆ' ಎಂಬ ಮುದ್ರೆಯೊಂದಿಗೆ ವಾಪಸು ಬರುತ್ತಿದ್ದವು. "ನಮ್ಮ ಪ್ರೊಫೆಸರ್ ಬೈಯೋರಲ್ಲಮ್ಮ, ಭಾಳ ಒಳ್ಳೆಯೋರು" ಎಂದು ಜವಾನ ಹೇಳುತ್ತಿದ್ದ.

ವಿಶ್ವವಿದ್ಯಾಲಯದವರೂ ಹಾಜರಾತಿ ಕಡ್ಡಾಯ ಎಂದಾಗ ಅತ್ತೆ ಎರಡನೆಯ ಬೂದು ಸ್ವೆಟರ್ ಹೆಣೆದರು. ಇನ್ನು ಸಂಜೆಯಾದರೂ ಮಕ್ಕಳ ಜೊತೆ ಇರಬಹುದು ಎಂದು ಗುಮಾಸ್ತೆ ಲೆಕ್ಕ ಹಾಕಿದಳು. ಆದರೆ ಅಂದುಕೊಂಡದ್ದು ಒಂದು, ಆದದ್ದು ಇನ್ನೊಂದು. ಚೆನ್ನಾಗಿ ಕೆಲಸ ಮಾಡುವವರ ತಲೆಗೇ ಇನ್ನಷ್ಟು ಕೆಲಸ ಕಟ್ಟುವುದು ಎಲ್ಲ ಕಚೇರಿಗಳ ಪದ್ಧತಿ. ಸೂಪರಿಂಟೆಂಡೆಂಟರು ಮೊದಲನೆಯ ಸ್ವೆಟರಿಗೆ ದೂರು ವಿಭಾಗದ ಹೆಚ್ಚುವರಿ ಹೊಣೆ ಕೊಟ್ಟರು. ವಿಶ್ವವಿದ್ಯಾಲಯವು ಎರಡನೆಯದನ್ನು, ಅದು ತರಗತಿಯಲ್ಲಿ ಒಮ್ಮೆಯೂ ತೂಕಡಿಸಲಿಲ್ಲವೆಂಬ ಕಾರಣಕ್ಕೆ, ವಿದ್ಯಾರ್ಥಿ ಪ್ರತಿನಿಧಿಯನ್ನಾಗಿ ಮಾಡಿತು. ಸ್ವೆಟರುಗಳು ಹೆಸರು ಗಳಿಸಿದವು. ಅವುಗಳ ಹೆಸರಿಗೆ ಬಂದ ಪತ್ರಗಳಿಗೆಲ್ಲ ಉತ್ತರ ಬರೆಯುವುದು ಗುಮಾಸ್ತೆಯ ಪಾಲಿಗೆ ಬಂತು.

"ಅತ್ತೆ, ಇನ್ನೊಂದು ಹೆಣೆದುಕೊಡ್ತೀರಾ?"

"ಕಚೇರಿಗಾಯ್ತು, ಕಾಲೇಜಿಗಾಯ್ತು. ಮೂರನೇದು ಯಾರಿಗೆ?"

"ಮನೆಗೆ."

ಅತ್ತೆಯ ಕಡ್ಡಿ ಅರೆಗಳಿಗೆ ನಿಂತಿತು. ಆರಾಮಕುರ್ಚಿಯ ಪತ್ರಿಕೆಯತ್ತ ಒಮ್ಮೆ ನೋಡಿ ಮತ್ತೆ ಹೆಣೆಯತೊಡಗಿದರು.

ಮೂರನೆಯ ಸ್ವೆಟರನ್ನು ಊಟದ ಮೇಜಿನ ಪಕ್ಕದ ಕುರ್ಚಿಗೆ ಹಾಕಲಾಯಿತು. ಮಗ ತಕ್ಷಣ ಹೊಂದಿಕೊಂಡ. "ಹಲ್ಲುಜ್ಜಿದೆ ಅಂತ ಸ್ವೆಟರ್‌ಗೆ ಹೇಳ್ದೆ, ಅದೇನೂ ಬಾಯಿ ತೆಗ್ದು ತೋರ್ಸು ಅನ್ನಲಿಲ್ಲ" ಎಂದು ಖುಷಿಯಿಂದ ವರದಿ ಮಾಡಿದ. ಪುಟ್ಟಿಯ ತಪಾಸಣೆ ಮಾತ್ರ ಬೇರೆ ರೀತಿಯದಾಗಿತ್ತು. ಅವಳು ಕುರ್ಚಿ ಹತ್ತಿ ಒಂದು ತೋಳಿನೊಳಗೆ ಕೈ ಹಾಕಿ ಕೊನೆಯವರೆಗೂ ಹುಡುಕಿದಳು. ಇನ್ನೊಂದು ತೋಳಿನಲ್ಲೂ ಹುಡುಕಿದಳು. ಕುತ್ತಿಗೆಯೊಳಗೆ ಮುಖವಿಟ್ಟು ಮೂಸಿದಳು.

"ಅಜ್ಜೀ, ಇದ್ರಲ್ಲಿ ಅಮ್ಮ ಇಲ್ಲ" ಎಂದಳು. ಆಮೇಲೆ ಮನೆ ಹಾರಿಹೋಗುವಂತೆ ಅತ್ತಳು.

ಒಳಕೋಣೆಯಲ್ಲಿ ಸ್ವೆಟರಿನ ಪರವಾಗಿ ದೂರುಗಳಿಗೆ ಉತ್ತರ ಬರೆಯುತ್ತಿದ್ದ ಗುಮಾಸ್ತೆಗೆ ಅದು ಕೇಳಿಸಿತು. ಇಡೀ ಇಲಾಖೆ, ಇಡೀ ವಿಶ್ವವಿದ್ಯಾಲಯ ಸೇರಿ ಕಂಡುಹಿಡಿಯಲಾಗದ ಲೋಪವನ್ನು ಪುಟ್ಟಿ ಒಂದೇ ಮೂಸಿಗೆ ಕಂಡುಹಿಡಿದಿದ್ದಳು.

ಮರುದಿನ ಬೆಳಗ್ಗೆ ಮೇಲಧಿಕಾರಿಗಳ ತಪಾಸಣೆ ಇತ್ತು. ಅದೇ ಹೊತ್ತಿಗೆ ಪ್ರಬಂಧದ ಮೌಖಿಕ ಪರೀಕ್ಷೆಯೂ ಇತ್ತು. ಗುಮಾಸ್ತೆ ಸೀರೆ ಉಟ್ಟು, ಚೀಲ ಹಿಡಿದು ಬಾಗಿಲವರೆಗೆ ಬಂದಳು. ಪುಟ್ಟಿ ಹೊಸ್ತಿಲಿಗೆ ಅಡ್ಡ ಮಲಗಿದ್ದಳು. ಗುಮಾಸ್ತೆ ಚೀಲ ಕೆಳಗಿಟ್ಟಳು. ಎರಡೂ ಕಡೆ ಸ್ವೆಟರುಗಳಿದ್ದವು. ಆಗಿದ್ದಾಗಲಿ ಎಂದು ಮಗಳ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಎರಡೂ ಕಾರ್ಯಕ್ರಮಗಳು ನಿರ್ವಿಘ್ನವಾಗಿ ನೆರವೇರಿದವು ಎಂದು ನಂತರ ತಿಳಿದುಬಂತು. ತಪಾಸಣೆಗೆ ಮೇಲಧಿಕಾರಿಗಳ ಟೋಪಿ ಬಂದಿತ್ತು. ಅದನ್ನು ಸ್ವೆಟರಿನ ಎದುರು ಮೇಜಿನ ಮೇಲೆ ಸ್ವಲ್ಪ ಹೊತ್ತು ಇಡಲಾಯಿತು. ಟೋಪಿ ಯಾವುದೇ ಆಕ್ಷೇಪಣೆ ಎತ್ತಲಿಲ್ಲ. ಅತ್ತ ವಿಶ್ವವಿದ್ಯಾಲಯದಲ್ಲಿ ಕೊಡೆ ಮತ್ತು ಸ್ವೆಟರನ್ನು ಎದುರುಬದುರು ಕೂರಿಸಿ ಬಾಗಿಲು ಮುಚ್ಚಿದರು. ಕೊಡೆ ಪ್ರಶ್ನೆ ಕೇಳಲಿಲ್ಲ, ಸ್ವೆಟರ್ ತಪ್ಪು ಉತ್ತರ ಕೊಡಲಿಲ್ಲ. ಚರ್ಚೆ ಗಂಭೀರವಾಗಿತ್ತೆಂದು ಜವಾನ ಹೇಳಿದ. ಸ್ವೆಟರಿಗೆ ಪ್ರಥಮ ದರ್ಜೆಯೂ ಒಂದು ಪದಕವೂ ಬಂತು. ಪದಕ ಚುಚ್ಚಲು ಮನುಷ್ಯರಿಗಿಂತ ಸ್ವೆಟರೇ ಅನುಕೂಲ ಎಂದು ಕುಲಪತಿಗಳು ಮೆಚ್ಚಿಕೊಂಡರು.

ಬಡ್ತಿಯ ಆದೇಶವೂ ಬಂತು. ಗುಮಾಸ್ತೆ ಅದನ್ನು ತರಲು ಖುದ್ದಾಗಿ ಹೋದಾಗ ಸೂಪರಿಂಟೆಂಡೆಂಟರು ಗಾಬರಿಯಿಂದ ಎದ್ದು ನಿಂತರು.

"ಅಯ್ಯೋ, ನೀವ್ಯಾಕಮ್ಮ ಬಂದ್ರಿ? ಆದೇಶ ಸ್ವೆಟರ್ ಹೆಸರಿಗಿದೆ."

"ಆ ಸ್ವೆಟರ್ ನಂದೇ ಸಾರ್."

"ಇರಬಹುದು. ಒಂದೇ ಕುರ್ಚಿಗೆ ಇಬ್ಬರು ಹಾಜರಾದ್ರೆ ಆಡಿಟ್‌ನವರು ಸುಮ್ನೆ ಬಿಡ್ತಾರಾ? ಸಂಬಳ ಮನೆಗೆ ಬರುತ್ತೆ. ದಯವಿಟ್ಟು ಈ ಕಡೆ ತಲೆ ಹಾಕ್ಬೇಡಿ."

ಗುಮಾಸ್ತೆ ಮನೆಗೆ ಬಂದಳು. ಮೂರನೆಯ ಸ್ವೆಟರನ್ನು ಅತ್ತೆ ಅಷ್ಟರಲ್ಲಿ ಬಿಚ್ಚಿ ಉಂಡೆ ಸುತ್ತಿದ್ದರು. ಪುಟ್ಟಿ ಓಡಿ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಎಳೆದು ನೋಡಿದಳು.

"ಅಮ್ಮಾ, ನೀನು ಬರೀತಿದ್ಯಲ್ಲ ಗೇಣು, ಹಾಗಂದ್ರೇನು?"

ಇಷ್ಟು ದಿನ ಯಾರೂ ಕೇಳದ ಪ್ರಶ್ನೆ. ಗುಮಾಸ್ತೆಯ ಕಣ್ಣು ತುಂಬಿತು. ಅವಳು ಪುಟ್ಟಿಯನ್ನು ಗೋಡೆಗೆ ನಿಲ್ಲಿಸಿ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಕೈ ಅಗಲಿಸಿ, ಪಾದದಿಂದ ನೆತ್ತಿಯವರೆಗೆ ಅಳೆದಳು. ಪುಟ್ಟಿ ಕಚಗುಳಿಯಾಗಿ ನಕ್ಕಳು. ಆಮೇಲೆ ತಾನೂ ಪುಟ್ಟ ಕೈ ಅಗಲಿಸಿಕೊಂಡು ಮನೆಯನ್ನೆಲ್ಲ ಅಳೆಯಲು ಹೊರಟಳು. ಮೇಜು ಅಳೆದಳು, ಅಜ್ಜಿಯ ಮಂಡಿ ಅಳೆದಳು, ಅಪ್ಪನನ್ನು ಅಳೆಯಲು ಆರಾಮಕುರ್ಚಿಯ ಪತ್ರಿಕೆಯನ್ನು ಸರಿಸಿದಳು.

"ಅಮ್ಮಾ, ಇದ್ರಲ್ಲಿ ಅಪ್ಪ ಇಲ್ಲ."

ಪತ್ರಿಕೆಯ ಹಿಂದೆ ಇಸ್ತ್ರಿ ಮಾಡಿದ ಅಂಗಿಯೊಂದು ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಎಂದಿನಿಂದ ಎಂದು ಯಾರಿಗೂ ನೆನಪಾಗಲಿಲ್ಲ.

"ಅತ್ತೆ! ನಿಮಗೆ ಗೊತ್ತಿತ್ತಾ?"

"ಅವನಪ್ಪನೂ ಹೀಗೇ ಇದ್ರು ಕಣಮ್ಮ" ಎಂದರು ಅತ್ತೆ, ಕಡ್ಡಿಯಿಂದ ಕಣ್ಣೆತ್ತದೆ. "ಅದಕ್ಕೇ ನಾನು ಹೆಣಿಗೆ ಕಲಿತಿದ್ದು."

"ಮತ್ತೆ ದಿನಾ ಕಾಫಿ?"

"ತಣ್ಣಗಾಗಿ ಹಾಳಾಗುತ್ತಲ್ಲ ಅಂತ ನಾನೇ ಕುಡೀತಿದ್ದೆ."

ಮರುದಿನ ಬೆಳಗ್ಗೆ ಪತ್ರಿಕೆ ಬಂತು. ಗುಮಾಸ್ತೆ ಹಳೆಯದನ್ನು ತೆಗೆದು, ಅಂಗಿಯ ಧೂಳು ಕೊಡವಿ, ಹೊಸದನ್ನು ಅಗಲವಾಗಿ ಬಿಚ್ಚಿಟ್ಟಳು. ಪಕ್ಕದಲ್ಲಿ ಕಾಫಿ ಇಟ್ಟಳು. ಈ ಸಲ ಎರಡು ಲೋಟ.