ಐದನೇ ಅಂಕದಲ್ಲಿ ಬದುಕಿ ಬಂದವಳ ಪರವಾಗಿ

ಇಂಗ್ಲಿಷ್ ಸಾಹಿತ್ಯದ ಗೈಡ್ ಬರೆದವರೂ ಅದೇ ಪತ್ರಿಕೆಯ ಮುಖ್ಯ ಮೌಲ್ಯಮಾಪಕರೂ ಆಗಿ, ಒಂದೇ ಪೆನ್ನಿನಿಂದ ಎರಡು ಉಪಕಾರ ಮಾಡುತ್ತಿರುವ ಮಾನ್ಯರೇ, ಸಂಜೆ ಕಾಲೇಜಿನ ಕೊನೆಯ ಬೆಂಚಿನಿಂದ ತಮಗೆ ಅನಂತ ನಮಸ್ಕಾರಗಳು.

ತಮ್ಮ ಗೈಡ್ ಮತ್ತೆ ಅಚ್ಚಾಗಿರುವುದರಿಂದ ತಾವು ಕ್ಷೇಮವೆಂದು ತಿಳಿಯಿತು. ನಾನು ಹಗಲು ಬೇರೊಂದು ಕಾಲೇಜಿನ ಆಫೀಸಿನಲ್ಲಿ ಟೈಪಿಸ್ಟ್. ಈ ಒಂದು ಪತ್ರಿಕೆ ಪಾಸಾದರೆ ಅಲ್ಲೇ ಇಂಗ್ಲಿಷ್ ಪಾಠಕ್ಕೆ ತೆಗೆದುಕೊಳ್ಳುತ್ತೇವೆಂದು ಪ್ರಿನ್ಸಿಪಾಲರು ಮಾತು ಕೊಟ್ಟಿದ್ದಾರೆ. ಆ ಆತುರದಲ್ಲಿ ನಾನೊಂದು ಅವಿವೇಕ ಮಾಡಿದೆ. ಗೈಡ್ ಬಿಟ್ಟು ನಾಟಕವನ್ನೇ ಓದಿದೆ.

ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಅತ್ತೆಗೆ ಅರ್ಥ ಹೇಳುತ್ತಾ, ಗಟ್ಟಿಯಾಗಿ ಓದಿದೆ. ದೊರೆ ಹೆಂಡತಿಯನ್ನು ಗೋಪುರದಲ್ಲಿ ಕೂಡಿಹಾಕುತ್ತಾನೆ, ನಾಲ್ಕನೇ ಅಂಕದಲ್ಲಿ ಗೋಪುರಕ್ಕೆ ಬೆಂಕಿ ಬಿದ್ದು ಎಲ್ಲರೂ ಅವಳು ಸತ್ತಳೆಂದುಕೊಳ್ಳುತ್ತಾರೆ, ಐದನೇ ಅಂಕದಲ್ಲಿ ಅವಳು ಮಸಿ ಮೆತ್ತಿದ ಮುಖದಲ್ಲೇ ನಡೆದು ಬಂದು, ತನ್ನ ಶೋಕಸಭೆಯಲ್ಲಿ ಊಟಕ್ಕೆ ಕೂತ ಗಂಡನ ಚಳಿ ಬಿಡಿಸುತ್ತಾಳೆ. ಅತ್ತೆ ಚಾಕು ಕೆಳಗಿಟ್ಟು, "ಇನ್ನೂ ನಾಲ್ಕು ಮಾತು ಅನ್ನಬೇಕಿತ್ತು ಕಣೇ" ಅಂದರು. ನನಗೂ ಹಾಗೇ ಅನ್ನಿಸಿತು.

ಪರೀಕ್ಷೆಯಲ್ಲಿ ತಾವು ಕೇಳಿದ್ದು, "ನಾಯಕಿಯ ಸಾವಿನಿಂದ ನಾಟಕಕ್ಕೆ ಒದಗುವ ಗಾಂಭೀರ್ಯವನ್ನು ವಿವರಿಸಿ" ಎಂದು. ಅವಳು ಸತ್ತೇ ಇಲ್ಲವೆಂದು ನಾನು ವಿನಯದಿಂದ ಬರೆದೆ. ಅರ್ಜಿ ಹಾಕಿ ತರಿಸಿಕೊಂಡ ಉತ್ತರಪತ್ರಿಕೆಯ ನಕಲಿನಲ್ಲಿ ಒಂದು ದುಂಡನೆಯ ಸೊನ್ನೆಯೂ, ಅದರ ಪಕ್ಕ "ನಾಟಕವನ್ನು ಓದಿಲ್ಲ" ಎಂಬ ತಮ್ಮ ಷರಾವೂ ಇದ್ದವು. ಆ ಸಂಜೆ ನಾನು ಅತ್ತದ್ದು ನಿಜ.

ಆಮೇಲೆ ನಮ್ಮ ಸಂಜೆ ಕಾಲೇಜಿನ ಲೈಬ್ರರಿಗೆ ಹೋಗಿ, ತಾವು ಗೈಡ್ ಬರೆಯಲು ಒಯ್ದಿದ್ದ ಪ್ರತಿಯನ್ನು ಕೇಳಿ ಪಡೆದೆ. ಅದರಲ್ಲಿ ಐದನೇ ಅಂಕವೇ ಹರಿದುಹೋಗಿತ್ತು. "ಅವರು ಒಯ್ಯೋ ಮುಂಚೇನೇ ಹಂಗಿತ್ತಮ್ಮ, ನನ್ನ ಮೇಲೆ ಹಾಕ್ಬೇಡಿ" ಎಂದರು ಲೈಬ್ರೇರಿಯನ್. ಇನ್ನೊಬ್ಬರಾಗಿದ್ದರೆ ಉಳಿದ ಪುಟಗಳೆಲ್ಲಿ ಎಂದು ಹುಡುಕಾಡಿ ಕಾಲಹರಣ ಮಾಡುತ್ತಿದ್ದರು. ತಾವಾದರೋ, "ನಾಲ್ಕೇ ಅಂಕಗಳಲ್ಲಿ ಥಟ್ಟನೆ ಮುಗಿಸುವ ಈ ಧೈರ್ಯ ಮಹಾ ಪ್ರತಿಭೆಗೆ ಮಾತ್ರ ಸಾಧ್ಯ" ಎಂದು ಬರೆದಿರಿ. ಆ ವಾಕ್ಯ ಬಾಯಿಪಾಠ ಮಾಡಿದವರೆಲ್ಲ ಇಂದು ಒಳ್ಳೊಳ್ಳೆ ಕೆಲಸದಲ್ಲಿದ್ದಾರೆ. ತಮ್ಮ ಕೈಗೆ ಸಿಕ್ಕ ಪದ್ಯಗಳ ಗತಿಯೂ ಇದೇ: ಕವಿ ನೋಡಿದ ಹಕ್ಕಿ ಸಾವಿನ ಸಂಕೇತ, ಹೂವು ಸಾವಿನ ಸಂಕೇತ, ತೋಟದ ಗೇಟು ಕೂಡ ಸಾವಿನ ಸಂಕೇತ. ಇಷ್ಟು ಜನರನ್ನು ಸಾಯಿಸಿದ ಮೇಲೆ ಒಬ್ಬ ಹೆಂಗಸನ್ನು ಬದುಕಗೊಡಿ ಎಂದು ಕೇಳುವುದು ನನ್ನ ಅಧಿಕಪ್ರಸಂಗವೇ ಸರಿ.

ಆದ್ದರಿಂದ ತಾವು ದಯವಿಟ್ಟು, ಶತಮಾನಗಳ ಹಿಂದೆಯೇ ತೀರಿಕೊಂಡ ನಾಟಕಕಾರರಿಗೆ ನೋಟಿಸು ಕಳಿಸಿ ಐದನೇ ಅಂಕವನ್ನು ವಾಪಸು ಪಡೆಯುವಂತೆ ಆದೇಶಿಸಬೇಕು. ಅದಾಗದಿದ್ದರೆ ನಾಯಕಿಯ ಮರಣ ಪ್ರಮಾಣಪತ್ರವನ್ನಾದರೂ ತಮ್ಮ ರುಜುವಿನೊಂದಿಗೆ ಕೊಡಿಸಬೇಕು. "ದೊಡ್ಡವರು ಸತ್ತಳು ಅಂದ್ರೆ ಸತ್ತಳು ಅಂತ ಬರ್ದು ಬಾರೆ, ನಿನ್ನ ಗಂಟೇನು ಹೋಗುತ್ತೆ" ಎಂದು ಈಗ ಅತ್ತೆಯೂ ಹೇಳತೊಡಗಿದ್ದಾರೆ. ಹೇಳುವಾಗ ಮಾತ್ರ ನನ್ನ ಮುಖ ನೋಡುವುದಿಲ್ಲ.

ತಮ್ಮ ವಿಶ್ವಾಸಿ,
ನಾಟಕ ಓದಿ ಫೇಲಾದವಳು
(ಪರೀಕ್ಷಾ ಸಂಖ್ಯೆ ತಿಳಿಸುವಷ್ಟು ದಡ್ಡಿಯಲ್ಲ)

ವಿ.ಸೂ.: ಈ ಪತ್ರವನ್ನು ಕಳಿಸದೆ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಮರುಪರೀಕ್ಷೆ ಬಂತು, ಅದೇ ಪ್ರಶ್ನೆ ಬಂತು. ನನಗೆ ಕೆಲಸ ಬೇಕಿತ್ತು, ಉತ್ತರದಲ್ಲಿ ಅವಳನ್ನು ಎರಡು ಪುಟ ತುಂಬ ಸುಟ್ಟೆ. ತಾವು "ಅತ್ಯುತ್ತಮ" ಎಂದು ಬರೆದು ಪಾಸು ಮಾಡಿದ್ದೀರಿ, ಕೃತಜ್ಞಳು. ಸೋಮವಾರದಿಂದ ಪಾಠ ಶುರು. ನನ್ನ ತರಗತಿಗೂ ಇದೇ ನಾಟಕ, ತಾವೇ ಮೌಲ್ಯಮಾಪಕರು. ನಾನು ಐದನೇ ಅಂಕದಿಂದಲೇ ಆರಂಭಿಸುತ್ತೇನೆ. ಮುಂದಿನ ವರ್ಷ ಇಡೀ ತರಗತಿಯ ಉತ್ತರಪತ್ರಿಕೆಗಳಿಂದ ಅವಳು ಎದ್ದು ಬರುತ್ತಾಳೆ, ಕೆಂಪು ಶಾಯಿ ತುಂಬಿಸಿಟ್ಟುಕೊಂಡಿರಿ.