ಎರಡು ಬೈಟುಗಳ ಪಂಕ್ತಿಕಲಹ

ಎರಡು ಸಾವಿರದ ಹತ್ತೊಂಬತ್ತನೆಯ ಇಸವಿಯ ಏಪ್ರಿಲ್ ಇಪ್ಪತ್ತೇಳು, ಶನಿವಾರ, ಅಪರಾಹ್ನ ಮೂರು ಗಂಟೆ ನಲವತ್ತೆರಡು ನಿಮಿಷಕ್ಕೆ, ಮಂಗಳೂರಿನ ಸೆಕೆಯ ನಡುವೆ ಹಿಮವಂತನ ಕಿರುದಾಯಾದಿಯಂತೆ ನಿಂತಿದ್ದ ಐಸ್‌ಕ್ರೀಂ ಕೋಲ್ಡ್ ರೂಮಿನ ಬಾಗಿಲಲ್ಲಿ ನಡೆದ ಮಹಾಸಂಗ್ರಾಮವನ್ನು, ಎಲೈ ಸೊನ್ನೆ-ಒಂದೆಂಬ ಎರಡೇ ಅಕ್ಷರಗಳ ವಾಗ್ದೇವಿಯೇ, ನನ್ನಿಂದ ಹಾಡಿಸು! ಕೀಲಿಮಣೆಪ್ರಹಾರಪ್ರಚಂಡನೂ ಅರ್ಧವಿರಾಮಾನ್ವೇಷಣಧುರಂಧರನೂ ಆದ ಪ್ರೋಗ್ರಾಮರ್ ಪದ್ಮರಾಜ ಬಲ್ಲಾಳನ ಪ್ರತಾಪವನ್ನು ಹಾಡಿಸು!

"ಎಂತ ಮಾರಾಯ್ರೆ ಇದು!" ಎಂದು ಹಿಮಭಾಂಡಾರಾಧೀಶ್ವರಿ ವಿಲ್ಮಾಬಾಯಿ ಪರದೆ ನೋಡಿ ಗರ್ಜಿಸಿದಳು. "ನನ್ನ ಐಸ್‌ಕ್ರೀಂ ಸಾವಿರದ ಒಂಬೈನೂರ ಎಪ್ಪತ್ತೊಂದು ಡಿಗ್ರಿಯಲ್ಲಿ ಕುದೀತಾ ಉಂಟಂತೆ! ನಿಮ್ಮ ಪ್ರೋಗ್ರಾಂ ಸರಕು ಹಾಳಾಯ್ತೂಂತ ಬಾಗಿಲಿಗೆ ಬೀಗ ಹಾಕಿ ಕೂತಿದೆ. ಐದಕ್ಕೆ ಮದುವೆ ಹಾಲಿಗೆ ವ್ಯಾನ್ ಹೊರಡದಿದ್ರೆ ಆರ್ನೂರು ಜನರೆದುರು ನನ್ನ ಮಾನ ಹೋಗ್ತದೆ!"

ಬಲ್ಲಾಳನು ಉಷ್ಣಮಾಪಕಪ್ರತಿಷ್ಠಾಪನಾಚಾರ್ಯನಾದ ಇರ್ಷಾದನತ್ತ ಕಿಡಿಗಣ್ಣಿಟ್ಟನು.

"ನನ್ನ ಸೆನ್ಸರನ್ನು ನೋಡ್ಬೇಡಿ," ಎಂದನು ಇರ್ಷಾದ್. "ಅದು ಪ್ರತಿ ಅಂಕಿಯನ್ನೂ ಎರಡು ಬೈಟ್, ಅಂದ್ರೆ ಎರಡು ತುಂಡು, ಮಾಡಿ ಕಳಿಸ್ತದೆ. ದೊಡ್ಡದು ಮೊದಲು, ಸಣ್ಣದು ಆಮೇಲೆ. ಊಟದ ಪಂಕ್ತಿಯಲ್ಲಿ ಹಿರಿಯರನ್ನು ಮೊದಲು ಕೂರಿಸುವುದಲ್ವಾ?"

"ನಮ್ಮ ಕಂಪ್ಯೂಟರಿನ ಪಂಕ್ತಿಯಲ್ಲಿ ಸಣ್ಣದಕ್ಕೇ ಮೊದಲು ಬಡಿಸುವುದು!" ಎಂದನು ಬಲ್ಲಾಳ.

"ಹಾಗಾದ್ರೆ ಎಲೆ ಅದಲುಬದಲಾಯ್ತು. ತಿರುಗಿಸಿ."

"ನಾನ್ಯಾಕೆ? ನೀವು ತಿರುಗಿಸಿ!"

ಹೀಗೆ ನಾಲ್ಕೂವರೆಯವರೆಗೆ ವಾಗ್ಬಾಣಗಳಿಂದ ಆಕಾಶ ಮುಚ್ಚಿಹೋಯಿತು. ಕೊನೆಗೆ, ವಿಲ್ಮಾಬಾಯಿ ಬಾಗಿಲು ಒಡೆಯಲು ಸಲಾಕೆ ಹುಡುಕತೊಡಗಿದ್ದನ್ನು ಕಂಡು, ಬಲ್ಲಾಳನೇ ಬೈಟುವಿಪರ್ಯಯಾಸ್ತ್ರವನ್ನು ಪ್ರಯೋಗಿಸಿ ಎರಡನ್ನೂ ಸ್ಥಾನಪಲ್ಲಟಗೊಳಿಸಿದನು. ಪರದೆ ಮಿನುಗಿತು: ಆರು ಸಾವಿರದ ಐನೂರ ಮೂವತ್ತೈದು ಡಿಗ್ರಿ. ಸೂರ್ಯನ ಮೇಲ್ಮೈಗಿಂತ ಸುಮಾರು ಸಾವಿರ ಡಿಗ್ರಿ ಹೆಚ್ಚು.

"ದೇವರೇ, ಮೊದಲಿನದ್ದೇ ತಂಪಿತ್ತು!" ಎಂದಳು ವಿಲ್ಮಾಬಾಯಿ.

ಇರ್ಷಾದನ ಅಟ್ಟಹಾಸದಿಂದ ಕೆರಳಿದ ಬಲ್ಲಾಳನು ಕುರ್ಚಿಯಿಂದೆದ್ದು ಎದೆ ತಟ್ಟಿಕೊಂಡನು: "ನಗ್ಬೇಡಿ! ಹದಿನಾಲ್ಕು ವರ್ಷದಲ್ಲಿ ನಾನು ಒಬ್ಬರ ಕೋಡ್ ಕದ್ದವನಲ್ಲ, ಒಬ್ಬರ ಸಹಾಯ ಬೇಡಿದವನಲ್ಲ. ನನ್ನ ಪ್ರೋಗ್ರಾಮಿನಲ್ಲಿ ಯಾರ ಋಣವೂ ಇಲ್ಲ! ಋಣವೇ ಇಲ್ಲ! ಋಣ..."

ಆ ಪದವೇ ಅವನನ್ನು ಪರದೆಯತ್ತ ತಿರುಗಿಸಿತು. ಸೊನ್ನೆಗಿಂತ ಕೆಳಗಿನ ಸಂಖ್ಯೆಯ ಋಣಚಿಹ್ನೆ ದೊಡ್ಡ ಬೈಟಿನ ನೆತ್ತಿಯಲ್ಲಿರುತ್ತದೆ. ಅದನ್ನರಿಯದ, ಪ್ರೋಗ್ರಾಮಿನೊಳಗೆ ಅಂಕಿ ತುಂಬಿಡುವ ಪೆಟ್ಟಿಗೆ ಚಿಹ್ನೆಯನ್ನೂ ಭಾರೀ ಅಂಕಿಯೆಂದೇ ಎಣಿಸುತ್ತದೆ. ಎಲ್ಲವೂ ಸೊನ್ನೆಗಿಂತ ಕೆಳಗೇ ಇರಬೇಕಾದ ಹಿಮಗೃಹದ ಉಷ್ಣತೆಗೆ ನಮ್ಮ ಧೀರನು ಇರಿಸಿದ್ದುದು, ಋಣವನ್ನೇ ಅರಿಯದ ಪೆಟ್ಟಿಗೆ.

"ಎಂತಾಯ್ತು ಬಲ್ಲಾಳ್ರೆ?"

"ಎಂತ ಇಲ್ಲ. ಸೆಕೆ."

ಹೀಗೆಂದ ಆ ಮಹಾಬಾಹುವು ಕುಳಿತು, ತುಟಿ ಬಿಗಿದು, ತರ್ಜನಿಯೊಂದನ್ನೇ ಎತ್ತಿ, ಪೆಟ್ಟಿಗೆಯ ಹೆಸರಿನ ಮೊದಲಿದ್ದ, 'ಚಿಹ್ನೆ ಇಲ್ಲ' ಎಂದು ಸಾರುವ 'ಯು' ಎಂಬ ಒಂದೇ ಒಂದು ಅಕ್ಷರವನ್ನು ಅಳಿಸಿದನು.

ಬೀಗ ಟಕ್ಕೆಂದಿತು. ವಿಲ್ಮಾಬಾಯಿ ಒಳನುಗ್ಗಿ ಒಂದು ಡಬ್ಬಿಗೆ ಚಮಚ ಚುಚ್ಚಿದಳು, ಚಮಚ ಬಗ್ಗಿತು. ವ್ಯಾನ್ ಐದಕ್ಕೆ ಹೊರಟಿತು.

ಕೋಣೆಯ ಉಷ್ಣತೆ ಮೈನಸ್ ಹದಿನೆಂಟು ಡಿಗ್ರಿ.